ನೀಲಿ ಕೊಡದ ಹಿಂದೆ

ಟ್ಯಾಂಕರ್ ಬರುವ ದಿನ ಒಲೆ ಹಚ್ಚುವ ಮೊದಲೇ ಕೊಡ ಹೊರಗಿಡುವುದು ನನ್ನ ರೂಢಿ. ಆವತ್ತೂ ಹಾಗೇ ಮಾಡಿದೆ. ಮುಖ ತೊಳೆದ ನೀರನ್ನು ತುಳಸಿಗೆ ಹಾಕಿದೆ, ರೊಟ್ಟಿಯ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿದೆ, ಎರಡು ಸ್ಟೀಲ್ ಕೊಡ ಎತ್ತಿಕೊಂಡು ಓಣಿಗೆ ಬಂದೆ. ಆ ಬರದ ವರ್ಷಗಳಲ್ಲಿ ಬೀದರಿನ ನಮ್ಮ ಓಣಿಯಲ್ಲಿ ಮನುಷ್ಯರಿಗಿಂತ ಮೊದಲು ಕೊಡಗಳು ಏಳುತ್ತಿದ್ದವು. ಕೊಡ ಇಟ್ಟರೆ ಆಳು ನಿಂತ ಹಾಗೆ. ಇಟ್ಟು ಹೋಗಿ ಸ್ನಾನ ಮಾಡಬಹುದು, ಪೂಜೆ ಮಾಡಬಹುದು, ಗಂಡನ ಡಬ್ಬಿ ಕಟ್ಟಬಹುದು, ನಿಮ್ಮ ಪಾಳಿ ನಿಮ್ಮದೇ. ಇನ್ನೊಬ್ಬರ ಕೊಡಕ್ಕೆ ಕೈ ಹಚ್ಚುವ ಹಾಗಿಲ್ಲ.

ಸುಜಾತಾಳ ನೀಲಿ ಪ್ಲಾಸ್ಟಿಕ್ ಕೊಡ ತನ್ನ ಜಾಗದಲ್ಲಿತ್ತು. ಅದರ ಬೆನ್ನಿಗೆ ಯಾವಾಗಲೂ ಇರುತ್ತಿದ್ದ, ಹೊಟ್ಟೆಯ ಬಳಿ ನೆಗ್ಗಿದ ಮಿಸ್ಸಿನ ಹಿತ್ತಾಳೆ ಕೊಡ ಇರಲಿಲ್ಲ. ಯಾರೂ ಮುಂದೆ ಸರಿದು ಆ ಜಾಗ ತುಂಬಿರಲೂ ಇಲ್ಲ.

ನಾನು ನನ್ನ ಕೊಡಗಳನ್ನು ನೆಲಕ್ಕಿಡದೆ ಹಾಗೇ ಹಿಡಿದುಕೊಂಡು ಎದುರಿನ ಮಿಸ್ ಮನೆಗೆ ನಡೆದೆ. ಬಾಗಿಲು ತೆರೆದಿತ್ತು. ಮಂಚದ ಕಾಲ್ದೆಸೆಯಲ್ಲಿ ಸುಜಾತಾ ಕೂತಿದ್ದಳು. ಮಿಸ್ಸಿನ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಎಬ್ಬಿಸಿದೆ ರಿ ಅಕ್ಕಾ," ಎಂದಳು. "ಕೊಡಾ ಇಟ್ಟು ಬಂದೆ, ಚಾ ಮಾಡಿದೆ, ಎಬ್ಬಿಸಿದೆ. ಏಳವಲ್ಲರು."

ಓಣಿಗೆ ಅವರು ಟೀಚರಬಾಯಿ. ನನಗೆ ಕಡೆಯವರೆಗೂ ಮಿಸ್. ನಾನು ಓದಿದ ಕಾನ್ವೆಂಟಿನಲ್ಲಿ ಅವರು ಡ್ರಿಲ್ ಕಲಿಸುತ್ತಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿ ಪಿನ್ನು ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ಮೈದಾನಕ್ಕೆ ಬಂದರೆ ಬೇವಿನ ಮರದ ಕಾಗೆಗಳೂ ಸುಮ್ಮನಾಗುತ್ತಿದ್ದವು. ಬೂಟಿಗೆ ದಿನಾ ಸುಣ್ಣದ ಬಿಳುಪು. ಸಿಸ್ಟರುಗಳು ನಮಗೆ ಪ್ರಾರ್ಥನೆ ಕಲಿಸಿದರು, ಚಮಚ ಹಿಡಿಯುವುದನ್ನು ಕಲಿಸಿದರು. ಮಿಸ್ ಕಲಿಸಿದ್ದು ಒಂದೇ, ಪಾಳಿಯಲ್ಲಿ ನಿಲ್ಲುವುದು. ಕಲೆಕ್ಟರ್ ಮಗಳಾದರೂ ಗಿಡ್ಡ ಇದ್ದರೆ ಮುಂದೆ, ಕಸ ಗುಡಿಸುವ ಝಾಡಮಾಲಿಯ ಮಗಳಾದರೂ ಎತ್ತರ ಇದ್ದರೆ ಹಿಂದೆ. ಯಾರಾದರೂ ನುಗ್ಗಿದರೆ ಬೈಯುತ್ತಿರಲಿಲ್ಲ. ಇಡೀ ಸಾಲನ್ನು ಮೊದಲಿನಿಂದ ನಿಲ್ಲಿಸುತ್ತಿದ್ದರು. ಬಿಸಿಲು ಎಷ್ಟಿದ್ದರೂ.

ಮದುವೆಯಾಗಿ ಈ ಓಣಿಗೆ ಬಂದಾಗ ಎದುರಿನ ಮನೆಯಿಂದ ಅದೇ ಸೀಟಿ ಕೇಳಿಸಿತು. ಬೆಕ್ಕನ್ನು ಓಡಿಸುತ್ತಿದ್ದರು. ನನ್ನನ್ನು ನೋಡಿ, "ಬೆನ್ನು ನೆಟ್ಟಗ ಇಟ್ಕೋ. ಲಗ್ನಾತು ಅಂತ ಬಾಗಬೇಕಂತ ಎಲ್ಲೂ ಬರದಿಲ್ಲ," ಎಂದರು. ನಮ್ಮ ಅತ್ತೆ ಪಕ್ಕದಲ್ಲೇ ಇದ್ದರು.

ಅವರ ಜೊತೆ ಆಗ ನರ್ಸಮ್ಮ ಇದ್ದರು. ಔರಾದ ಕಡೆಯವರು, ಭಾಲ್ಕಿಯ ದವಾಖಾನೆಯಲ್ಲಿ ಕೆಲಸ. ಇಬ್ಬರೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದರು. ಓಣಿ ಅವರನ್ನು ಗೆಳತಿಯರು ಅನ್ನುತ್ತಿತ್ತು. ಆ ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಸಂಜೆ ಬಸ್ಸಿಳಿದು ನರ್ಸಮ್ಮ ಓಣಿಯ ತಿರುವಿಗೆ ಬರುವಷ್ಟರಲ್ಲಿ ಮಿಸ್ ಎರಡು ಬಟ್ಟಲು ಚಹಾ ಕಟ್ಟೆಯ ಮೇಲಿಟ್ಟಿರುತ್ತಿದ್ದರು. ಒಂದರ ಮೇಲೆ ಬಸಿ ಮುಚ್ಚಿರುತ್ತಿತ್ತು, ತಣ್ಣಗಾಗಬಾರದೆಂದು. ನೋಡಿದವರಿಗೆ ಅಷ್ಟು ಸಾಕಿತ್ತು.

ನರ್ಸಮ್ಮ ತೀರಿಕೊಂಡಾಗ ಔರಾದದಿಂದ ಅಣ್ಣಂದಿರು ಗಾಡಿ ತಂದರು. ಗಾಡಿಯಲ್ಲಿ ಮಿಸ್ಸಿಗೆ ಜಾಗ ಇಲ್ಲ ಎಂದರು. "ನೀವು ಯಾರ ಆಗಬೇಕ್ರಿ ಆಕಿಗೆ?" ಎಂದು ಒಬ್ಬ ಕೇಳಿದ. ಮಿಸ್ ಬಸ್ಸು ಹತ್ತಿ ಔರಾದಕ್ಕೆ ಹೋದರು. ಅವರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಬೂಟಿಗೆ ಸುಣ್ಣ ಬಳಿಯುತ್ತಾ. "ಪಾಳಿ ತಪ್ಪಿಸಿದ್ರು," ಎಂದರು. ಅಷ್ಟೇ. ಆಮೇಲೆ ನರ್ಸಮ್ಮನ ಗಡಿಯಾರವನ್ನು, ನರ್ಸುಗಳು ಎದೆಗೆ ತಲೆಕೆಳಗಾಗಿ ಚುಚ್ಚಿಕೊಳ್ಳುತ್ತಾರಲ್ಲ ಅಂಥದ್ದು, ತಮ್ಮ ಸೆರಗಿಗೆ ಚುಚ್ಚಿಕೊಳ್ಳತೊಡಗಿದರು.

ಸುಜಾತಾ ಅವರ ಮನೆಗೆ ಬಂದದ್ದು ಅದರ ನಂತರ. ಔರಾದ ತಾಲೂಕಿನ ಹಳ್ಳಿಯ ಬೌದ್ಧ ಮನೆತನ, ಬಿ.ಎ. ಓದಿದವಳು. ಗಂಡು ಹೆಸರಲ್ಲಿ ಹುಟ್ಟಿ, ಆ ಹೆಸರು ತನ್ನದಲ್ಲವೆಂದು ತಿಳಿದು, ಸುಜಾತಾ ಎಂದು ತಾನೇ ಇಟ್ಟುಕೊಂಡವಳು. ತನ್ನಂಥವರಿಗೆ ರೇಷನ್ನು, ಬಾಡಿಗೆ ಮನೆ, ದವಾಖಾನೆಯಲ್ಲಿ ಹಾಸಿಗೆ ಸಿಗಬೇಕೆಂದು ಕಚೇರಿಯಿಂದ ಕಚೇರಿಗೆ ತಿರುಗುತ್ತಿದ್ದಳು. ಮೇಲಿನ ಕೋರ್ಟು ಇವರೂ ನಾಗರಿಕರು ಎಂದು ಹೇಳಿಯಾಗಿತ್ತು. ಆ ಮಾತು ಇನ್ನೂ ನಮ್ಮ ಕಡೆಯ ಬಸ್ಸು ಹತ್ತಿರಲಿಲ್ಲ. ಬೀದರಿನಲ್ಲಿ ಮೂರು ಕಡೆ ಬಾಡಿಗೆ ಮನೆ ಬಿಡಿಸಿದ್ದರು. ಮಿಸ್ ತಮ್ಮ ನಡುಮನೆಯ ಬಾಗಿಲು ತೆರೆದು, "ಒಳಗ ಬಾ. ಬೂಟು ಹೊರಗ ಬಿಡು," ಎಂದರು.

ಭಾನುವಾರ ಅವರ ಅಂಗಳದಲ್ಲಿ ಸಭೆ ಸೇರತೊಡಗಿತು. ಸುಜಾತಾಳಂಥವರು, ಹೆಂಗಸರನ್ನೇ ಮೆಚ್ಚಿದ ಹೆಂಗಸರು, ಮನೆಯಲ್ಲಿ ಹೇಳಲಾಗದ ಕಾಲೇಜು ಹುಡುಗರು. ಭಾಲ್ಕಿಯಿಂದ, ಕಮಲನಗರದಿಂದ, ಹುಮನಾಬಾದಿನಿಂದ ಬರುತ್ತಿದ್ದರು. ನಾನು ಅವಲಕ್ಕಿ ಕೊಟ್ಟು ಕಳಿಸುತ್ತಿದ್ದೆ. ಹೊರಗೆ ಗೋಡೆಗೆ ಯಾರೋ ಕೊಳಕು ಮಾತು ಬರೆದರು. ಮಿಸ್ ಬೂಟಿನ ಸುಣ್ಣ ತಂದು ಅದರ ಮೇಲೆ ಬಳಿದರು. ಮತ್ತೆ ಬರೆದರು, ಮತ್ತೆ ಬಳಿದರು. ಕೊನೆಗೆ ಬೀದರಿನಲ್ಲೇ ಅತಿ ಬೆಳ್ಳಗಿನ ಗೋಡೆ ಅವರದಾಯಿತು.

ಈ ಮಕ್ಕಳು ಊರೂರಿಗೆ ಹೋಗುವಾಗ ಪೆಟ್ಟು ತಿನ್ನಬಾರದಲ್ಲ, ಅದಕ್ಕೆ ಮಿಸ್ ಶಾಲೆಯ ಪ್ರವಾಸದ ಕಾನೂನು ತಂದರು. ಒಬ್ಬರೇ ಹೋಗುವಂತಿಲ್ಲ, ಇಬ್ಬಿಬ್ಬರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು. ಇಳಿದ ಕೂಡಲೇ ಯಾವುದಾದರೂ ಮಾರುವ ಹೆಂಗಸಿನ ಹತ್ತಿರ ಏನಾದರೂ ಕೊಳ್ಳಬೇಕು, ಮಾತಾಡಿಸಬೇಕು. "ಆ ಊರಾಗ ಒಬ್ಬಾಕಿಗಾದ್ರೂ ನಿಮ್ಮ ಮುಖಾ ಗೊತ್ತಿರಬೇಕು," ಅನ್ನುತ್ತಿದ್ದರು. ಹೋಗುವ ಹಿಂದಿನ ದಿನ ತಾವೇ ಪೊಲೀಸ್ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಸಾಹೇಬರು ಏನು ಕಂಪ್ಲೇಂಟ್ ಎಂದು ಕೇಳಿದರೆ, "ಕಂಪ್ಲೇಂಟ್ ಇಲ್ಲ. ನಾಳಿ ನಮ್ಮ ಹುಡಿಗ್ಯಾರು ಭಾಲ್ಕಿಗೆ ಹೋಗ್ತಾರ. ಸಂಜಿಗೆ ತಿರುಗಿ ಬರಬೇಕು. ಬರದಿದ್ರ ನಾ ಇಲ್ಲೇ ಬಂದು ಕೂಡ್ತೇನಿ," ಅನ್ನುತ್ತಿದ್ದರು. ಮೊದಮೊದಲು ಅಲ್ಲಿ ನಕ್ಕರು. ಅವರು ಮತ್ತೆ ಮತ್ತೆ ಬಂದು ಕೂತದ್ದರಿಂದ ಆಮೇಲೆ ಕುರ್ಚಿ ಕೊಟ್ಟರು.

ಇನ್ನೊಂದು ಕಾನೂನು, ದಾರಿಯಲ್ಲಿ ಫೋನು. ಔರಾದಕ್ಕೆ ಹೋಗುವವರು ಸಂತಪುರ ದಾಟಿದಾಗೊಮ್ಮೆ, ಇಳಿದಾಗೊಮ್ಮೆ ನನಗೆ ಫೋನು ಮಾಡಬೇಕು. ನನಗೇ ಯಾಕೆಂದು ಕೇಳಿದೆ.

"ನೀ ಮನ್ಯಾಗೇ ಇರ್ತಿ. ಫೋನ್ ಎತ್ತತಿ. ನಿನ್ನ ಗಂಡನಂಗ ಮೀಟಿಂಗಿನ್ಯಾಗ ಇರೂದಿಲ್ಲ."

ಹೀಗೆ ಬೇಳೆ ಆರಿಸುತ್ತಾ, ಬಟ್ಟೆ ಮಡಚುತ್ತಾ ನಾನು ಈ ಜಿಲ್ಲೆಯ ಬಸ್ಸುಗಳಿಗೆ ಕಿವಿಗೊಟ್ಟು ಕೂತೆ. "ಸಂತಪುರ ದಾಟಿದ್ವಿ ಅಕ್ಕಾ," ಎಂಬ ಮಾತು ಕೇಳಿದ ಮೇಲೆಯೇ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದು ನೆನಪಾಗುತ್ತಿತ್ತು.

ಒಂದು ದಿನ ಆ ಮಾತು ಬರಲಿಲ್ಲ.

ಔರಾದ ಕಡೆ ಆಗ ಊರಿಗೆ ಊರೇ ಹೈದರಾಬಾದಿಗೆ, ಪುಣೆಗೆ ಗುಳೆ ಹೊರಟಿತ್ತು. ಒಂದು ಮನೆಯವರು ಸೊಸೆ, ಮೊಮ್ಮಕ್ಕಳು, ಆಡು ಎಲ್ಲವನ್ನೂ ಕರೆದುಕೊಂಡು, ಸುಜಾತಾಳಂತೆಯೇ ಸೀರೆ ಉಡತೊಡಗಿದ್ದ ಮಲ್ಲಿಯನ್ನು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋಗುತ್ತಾರೆ ಎಂಬ ಸುದ್ದಿ ಸುಜಾತಾಳಿಗೆ ಬಂತು. ಅವಳ ಜೊತೆ ಹೋಗಬೇಕಾದವಳಿಗೆ ಜ್ವರ. ಬಸ್ಸು ಆ ದಿನವೇ. ಸುಜಾತಾ ಮಿಸ್ಸಿಗೆ ಹೇಳದೆ ಒಬ್ಬಳೇ ಹೋದಳು. ಹತ್ತುವಾಗ ನನಗೊಂದು ಫೋನು ಮಾಡಿದ್ದಳು. ಸಂತಪುರದ ಹೊತ್ತು ದಾಟಿತು, ಔರಾದ ಮುಟ್ಟುವ ಹೊತ್ತೂ ದಾಟಿತು. ನಾನು ಓಡಿಹೋಗಿ ಮಿಸ್ಸಿಗೆ ಹೇಳಿದೆ. ಅವರು ಬೂಟು ಮೆಟ್ಟಿ, ಸೀಟಿ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತರು. ಹೊರಡಲಿಲ್ಲ.

"ಮತ್ತ್ಯಾಕ ನಿಂತ್ರಿ ಮಿಸ್?"

"ಒಬ್ಬರೇ ಹೋಗೂದಿಲ್ಲ ಅಂತ ಕಾನೂನು ಮಾಡೀನಿ. ಚಪ್ಪಲಿ ಹಾಕ್ಕೋ."

ನನ್ನ ಕೈ ಹಿಟ್ಟಾಗಿತ್ತು. ಬಸ್ಸಿನಲ್ಲಿ ಕೂತು ಬೆರಳ ಸಂದಿಯ ಹಿಟ್ಟು ಕೆರೆಯುತ್ತಾ ಹೋದೆ. ಕಿಟಕಿಯ ಹೊರಗೆ ಹೊಲಗಳು ಬೋಳಾಗಿ ಬಿದ್ದಿದ್ದವು.

ಔರಾದ ಸ್ಟ್ಯಾಂಡಿನಲ್ಲಿ ಗಂಟು, ಪಾತ್ರೆ, ಮಕ್ಕಳು. ಹಳೆಯ ಹಾಲಿನ ಅಂಗಡಿಯ ಮುಂದೆ ಜನ ಗುಂಪುಗಟ್ಟಿತ್ತು. ನಡುವೆ ಸುಜಾತಾ, ಬ್ಯಾಟರಿ ಸತ್ತ ಫೋನು ಕೈಯಲ್ಲಿ. ಅವಳ ಹಿಂದೆ ಅಡಗಿ ಅಳುತ್ತಿದ್ದವಳೇ ಮಲ್ಲಿ. "ಮಕ್ಕಳ ಕಳ್ಳರು" ಎಂದು ಯಾರೋ ಒಬ್ಬ ಕೂಗಿದ್ದ. ಗುಳೆ ಹೊರಟ ತಾಯಂದಿರಿಗೆ ಅಷ್ಟು ಸಾಕಲ್ಲ. "ಇಂಥವರಿಂದಲೇ ಮಳಿ ಹೋಗ್ಯಾದ," ಎಂದು ಮತ್ತೊಬ್ಬ. ಒಬ್ಬ ಸುಜಾತಾಳ ಜಡೆ ಕೈಗೆ ಸುತ್ತಿಕೊಂಡಿದ್ದ. ಇಬ್ಬರು ಮೊಬೈಲು ಎತ್ತಿ ಹಿಡಿದಿದ್ದರು.

ಮಿಸ್ ಸೀಟಿ ಊದಿದರು. ಎರಡು ಗಿಡ್ಡ, ಒಂದು ಉದ್ದ. ಇಡೀ ಸ್ಟ್ಯಾಂಡು ತಿರುಗಿತು.

ಈ ಜಿಲ್ಲೆಯಲ್ಲಿ ತಾಲೂಕು ಮಟ್ಟದ ಆಟಗಳಿಗೆಲ್ಲ ಅವರೇ ಅಂಪೈರ್ ಆಗಿದ್ದರೆಂಬುದು ನನಗೆ ನೆನಪಾದದ್ದು ಆಗ. ಗುಂಪು ಸೀಳಿಕೊಂಡು ಅವರು ಜಡೆ ಹಿಡಿದವನ ಮುಂದೆ ನಿಂತರು.

"ನೀ ಕಮಲನಗರ ಸಾಲಿ ಖೋಖೋ ಟೀಮಿನಾಂವ ಅಲ್ಲೇನು?"

ಅವನ ಮುಖ ಬದಲಾಯಿತು. "ಹೌದ್ರಿ ಬಾಯಿ."

"ಕಂಬ ಮುಟ್ಟದೇ ತಿರುಗಿದಿ. ಫೌಲ್ ಕೊಟ್ಟಿದ್ದೆ."

"ಮುಟ್ಟಿದ್ದೆ ರಿ ಬಾಯಿ! ದೇವರಾಣಿ ಮುಟ್ಟಿದ್ದೆ. ನೀವು ಆ ಕಡೆ ನೋಡ್ಲಾಕತ್ತಿದ್ರಿ."

"ಮುಟ್ಟಿದ್ದಿಲ್ಲ. ಈಗ ಮುಟ್ಟಬಾರದ್ದನ್ನ ಮುಟ್ಟೀದಿ. ಬಿಡು ಜಡಿ."

ಯಾರೋ ನಕ್ಕರು. ಅವನು ಜಡೆ ಬಿಟ್ಟ. ಕೈಯನ್ನು ಅಂಗಿಗೆ ಒರೆಸಿಕೊಂಡು, "ಮುಟ್ಟಿದ್ದೆ ರಿ," ಎಂದು ಇನ್ನೊಮ್ಮೆ ಗೊಣಗಿದ. ಮಿಸ್ ಮೊಬೈಲು ಹಿಡಿದವರ ಕಡೆ ತಿರುಗಿದರು. "ಫೋಟೋ ತಗಿ. ನಂದೂ ತಗಿ. ನನ್ನ ಮನಿ ಬೀದರಿನ್ಯಾಗ ಅದ, ಈ ಇಬ್ಬರೂ ಅಲ್ಲೇ ಇರ್ತಾರ. ಯಾರಿಗೆ ಬೇಕೋ ಬಂದು ಕೇಳ್ರಿ." ಆಮೇಲೆ ಮಲ್ಲಿಯನ್ನು ಎಲ್ಲರೆದುರು ಕೇಳಿದರು, "ನೀ ಯಾರ ಸಂಗಡ ಹೋಗ್ತಿ?"

"ಅಕ್ಕನ ಸಂಗಡ," ಎಂದು ಮಲ್ಲಿ ಸುಜಾತಾಳ ಸೆರಗು ಹಿಡಿದಳು.

ಇನ್ನೂ ಹೊರಡದೆ ನಿಂತಿದ್ದ ಹೈದರಾಬಾದ್ ಬಸ್ಸಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು. ಮಲ್ಲಿ ಓಡಿಹೋಗಿ ಇಸಿದುಕೊಂಡಳು. ತಾಯಿಯ ಮುಖ ಸೆರಗಿನೊಳಗೆ ಇತ್ತು. ಬಸ್ಸು ಹೊರಟಿತು.

ತಿರುಗಿ ಬರುವಾಗ ಮಿಸ್ ಸುಜಾತಾಳಿಗೆ ಒಂದೇ ಮಾತು ಹೇಳಿದರು. "ಒಬ್ಬಾಕಿನೇ ಹೋಗಿ ಗೆದ್ದು ಬಂದ್ರೂ ನಾ ಅದನ್ನ ಗೆದ್ದಂಗ ಅಂತ ಬರಕೊಳ್ಳೂದಿಲ್ಲ." ಆಮೇಲೆ ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ.

ಆ ಫೋಟೋ ನಮ್ಮ ಓಣಿಯ ಮೊಬೈಲುಗಳಿಗೂ ಬಂತು. ಮುಂದಿನ ಟ್ಯಾಂಕರ್ ದಿನ, ನಮ್ಮ ಪಕ್ಕದ ಮನೆಯ ಕಮಲಾಬಾಯಿ ಸುಜಾತಾಳ ನೀಲಿ ಕೊಡವನ್ನು ಕಾಲಿನಿಂದ ಸರಿಸಿ ಸಾಲಿನ ಕೊನೆಗೆ ತಳ್ಳಿದರು. ಕಮಲಾಬಾಯಿ ಕೆಟ್ಟ ಹೆಂಗಸಲ್ಲ. ನನ್ನ ಬಾಣಂತನಕ್ಕೆ ಅಂಟಿನುಂಡೆ ಕಟ್ಟಿಕೊಟ್ಟವರು. ಆದರೆ ಆವತ್ತು, "ಬಾಲ್‌ಬಚ್ಚೇದವರು ಇದ್ದೇವಿ. ಮಳಿನೂ ಇಲ್ಲ, ಇವು ಬ್ಯಾರೆ ಬಂದು ಸೇರ್ಯಾವ," ಎಂದು ಇಡೀ ಓಣಿಗೆ ಕೇಳುವಂತೆ ಹೇಳಿದರು. ಯಾರೂ ಬೇಡ ಅನ್ನಲಿಲ್ಲ.

ಮಿಸ್ ಜಗಳಕ್ಕೆ ಬರುತ್ತಾರೆಂದು ಎಲ್ಲರೂ ಕಾದರು. ಅವರು ಮುಂದೆ ಇದ್ದ ತಮ್ಮ ಹಿತ್ತಾಳೆ ಕೊಡ ಎತ್ತಿಕೊಂಡು ಹೋಗಿ ನೀಲಿ ಕೊಡದ ಹಿಂದಿಟ್ಟರು. ಅದರ ಪಕ್ಕ ನಿಂತರು. ಆ ದಿನ ಪಾಳಿ ಅಲ್ಲಿಗೆ ಬರುವಷ್ಟರಲ್ಲಿ ಟ್ಯಾಂಕರಿನ ಪೈಪಿನಿಂದ ಗಾಳಿ ಬಂತು. ಅವರು ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಸಲವೂ ಹಾಗೇ. ನೀಲಿ ಕೊಡ ಎಲ್ಲಿಗೆ ತಳ್ಳಿದರೂ ಹಿತ್ತಾಳೆ ಕೊಡ ಅದರ ಹಿಂದೆ. ಅವರ ಬೂಟಿನ ಬಿಳುಪು ಮಾಸಿತು, ಸುಣ್ಣ ಕಲಸಲೂ ನೀರಿಲ್ಲ.

"ಪೊಲೀಸರಿಗೆ ಹೇಳ್ರಿ ಮಿಸ್," ಎಂದೆ.

"ಪೊಲೀಸರು ಬಂದ್ರ ಆಕಿ ಕೊಡಾ ಮುಂದ ಬರ್ತದ, ಅವರು ಹೋದ ಮ್ಯಾಲ ಮತ್ತ ಹಿಂದ ಹೋಗ್ತದ. ಕೊನಿ ಅಂದ್ರ ಏನು ಹೇಳು? ಹಿಂದ ಯಾರೂ ಇಲ್ಲದ ಜಾಗಾ. ಹಿಂದ ಒಬ್ಬರು ನಿಂತ್ರ ಅದು ಕೊನಿ ಅಲ್ಲ."

ಆ ಸಂಜೆ ನಾನು ಬಹಳ ಹೊತ್ತು ಪಾತ್ರೆ ಉಜ್ಜಿದೆ. ಮುಂದಿನ ಟ್ಯಾಂಕರ್ ದಿನ ನನ್ನ ಎರಡು ಸ್ಟೀಲ್ ಕೊಡ ಒಯ್ದು ಹಿತ್ತಾಳೆ ಕೊಡದ ಹಿಂದಿಟ್ಟೆ. ನಮ್ಮ ಮನೆಯವರು ಆಫೀಸಿಗೆ ಹೊರಟವರು ನಿಂತು ನೋಡಿದರು. "ಅಷ್ಟು ಹಿಂದ ಯಾಕ?" ಎಂದರು. "ನನ್ನ ಜಾಗಾ ಅಲ್ಲೇ ಅದರಿ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಒಂದು ವಾರದ ಮೇಲೆ ತರಕಾರಿಯ ರಜಿಯಾಬೀ ತನ್ನ ಕೊಡ ನನ್ನ ಹಿಂದಿಟ್ಟಳು. "ಟೀಚರಬಾಯಿ ನನ್ನ ಮಗಳಿಗೆ ಓಡೂದು ಕಲಿಸ್ಯಾರ," ಎಂದಳು. ಆಮೇಲೆ ಇನ್ನಾರೋ. ಹೀಗೆ ಯಾರೂ ಮುಂದೆ ನೂಕದೆ ನೀಲಿ ಕೊಡ ಸಾಲಿನ ನಡುವೆ ಬಂದುಬಿಟ್ಟಿತು. ಕಮಲಾಬಾಯಿ ಮಾತ್ರ ಅದರ ಕಡೆ ನೋಡದೆ ನೀರು ತುಂಬಿಕೊಳ್ಳುತ್ತಿದ್ದರು.

ಈಗ, ಆ ಬೆಳಿಗ್ಗೆ, ಅದೇ ಹಿತ್ತಾಳೆ ಕೊಡ ಒಳಗೆ, ಒಲೆಯ ಪಕ್ಕ ಬೋರಲಾಗಿ ಮಲಗಿತ್ತು. ಮಿಸ್ ಮಂಚದ ಮೇಲೆ.

ಭಾಲ್ಕಿ ಕಡೆಯ ಭಾತಂಬ್ರಾದಿಂದ ಅವರ ಅಣ್ಣನ ಮಗ ಟೆಂಪೋ ತೆಗೆದುಕೊಂಡು ಬಂದ. ಮನೆತನದ ಹೊಲದಲ್ಲೇ ಮಣ್ಣು ಮಾಡುವುದು ಎಂದು ಹೇಳಿದ. ಸುಜಾತಾ ಮಿಸ್ಸಿಗೆ ವಿಭೂತಿ ಹಚ್ಚಿ, ಸೆರಗು ಸರಿಮಾಡಿ, ಬೂಟು ತೊಡಿಸಿ, ಕೊನೆಗೆ ಗಡಿಯಾರವನ್ನು ತಲೆಕೆಳಗಾಗಿ ಎದೆಗೆ ಚುಚ್ಚಿದಳು. ಅದು ನಡೆಯುತ್ತಿತ್ತು. ಎತ್ತುವಾಗ ಅವನು ಸುಜಾತಾ, ಮಲ್ಲಿ ಇಬ್ಬರನ್ನೂ ತಡೆದ.

"ಗಾಡ್ಯಾಗ ಜಾಗಾ ಇಲ್ಲ. ಅಲ್ಲಿ ಊರ ಮಂದಿ ಇರ್ತಾರ. ನೀವು ಯಾರ ಆಗಬೇಕು ಅವರಿಗೆ?"

ಅದೇ ಮಾತು. ನಾನು ಮಿಸ್ಸಿನ ಹಾಗೆ ಸೀಟಿ ಊದುವವಳಲ್ಲ. ಕಾನ್ವೆಂಟು ನನಗೆ ಕೆಳದನಿ ಕಲಿಸಿದೆ. ಆ ಕೆಳದನಿಯಲ್ಲೇ, "ಜಾಗಾ ಇಲ್ಲದಿದ್ರ ಇರಲಿ ರಿ. ನಾವು ಬಸ್ಸಿಗೆ ಬರ್ತೇವಿ. ನಾವು ಬರೂತನಕಾ ಮಣ್ಣು ಹಾಕಬ್ಯಾಡ್ರಿ," ಎಂದೆ. "ಹಾಕಿದ್ರಿ ಅಂದ್ರ ನಾ ಅಲ್ಲೇ ಹೊಲದಾಗ ಕೂಡ್ತೇನಿ." ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮನೆ ಈ ತಿಂಗಳೊಳಗೆ ಖಾಲಿ ಆಗಬೇಕು ಎಂದು ಸುಜಾತಾಳಿಗೆ ಹೇಳಿ ಟೆಂಪೋ ಹತ್ತಿದ.

ಭಾಲ್ಕಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಮೂವರೂ ಕೂತೆವು. ಅಲ್ಲಿಂದಲೇ ಇವರಿಗೆ ಫೋನು ಮಾಡಿದೆ. "ಭಾಲ್ಕಿ ಹತ್ರ ಬಂದ್ವಿ ರಿ. ಮತ್ತ, ನಮ್ಮ ಹಿಂದಿನ ಖೋಲಿ ಖಾಲಿ ಮಾಡಬೇಕು. ಸುಜಾತಾ, ಮಲ್ಲಿ ಅಲ್ಲಿರ್ತಾರ." "ಆ ಖೋಲ್ಯಾಗ ಹಳೇ ಕೂಲರ್ ಅದಲ್ಲ," ಎಂದರು. "ತಗದಿಡ್ರಿ," ಎಂದೆ. ತೆಗೆದಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ನೋಡಿದ್ದೇನೆ, ಕೂಲರಿನ ಮಾತು ತೆಗೆದರೆ ಒಪ್ಪಿದಂತೆ.

ಹೊಲದಲ್ಲಿ ಕಾದಿದ್ದರು. ಮಿಸ್ಸನ್ನು ಸಮಾಧಿಯ ಗುಣಿಯಲ್ಲಿ ಕೂರಿಸಿದ್ದರು, ಬೆನ್ನು ನೆಟ್ಟಗೆ. ಸ್ವಾಮಿಗಳ ಮಂತ್ರ ಮುಗಿದು, ಎಲ್ಲರೂ ಒಬ್ಬೊಬ್ಬರಾಗಿ ಬಿಲ್ವಪತ್ರೆ, ಹಿಡಿಮಣ್ಣು ಹಾಕಲು ಸಾಲಾದರು. ಮೊದಲು ಮನೆತನದ ಗಂಡಸರು, ಆಮೇಲೆ ಹೆಂಗಸರು. ಸುಜಾತಾ ದೂರದ ಬೇವಿನ ಕೆಳಗೆ ನಿಂತುಬಿಟ್ಟಿದ್ದಳು. ಅವಳ ಬೆನ್ನು ಬಾಗಿತ್ತು. ನಾನು ಹೋಗಿ ಅವಳನ್ನೂ ಮಲ್ಲಿಯನ್ನೂ ಕರೆತಂದು ಸಾಲಿಗೆ ನಿಲ್ಲಿಸಿದೆ.

"ಏ, ಹಿಂದ ಹೋಗ್ರಿ," ಎಂದು ಒಬ್ಬ ಹಿರಿಯ.

"ಹಿಂದೇ ಅದೇವಿ ರಿ ಕಾಕಾ," ಎಂದೆ. ಅವರಿಬ್ಬರ ಹಿಂದೆ ನಾನು ನಿಂತೆ. ನನ್ನ ಹಿಂದೆ ಯಾರೋ ಬಂದು ನಿಂತರು. ತಿರುಗಿ ನೋಡಿದರೆ ಪರಿಚಯವಿಲ್ಲದ ಮುದುಕಿ, ಆ ಊರವಳೇ. ಕೈಯಲ್ಲಿ ಮಣ್ಣು ಹಿಡಿದು ಮುಂದೆ ಸರಿ ಎಂದು ಮೊಣಕೈಯಿಂದ ತಿವಿದಳು. ಸಾಲು ಮುಂದೆ ಸರಿಯಿತು. ಸುಜಾತಾ ಬೆನ್ನು ನೆಟ್ಟಗೆ ಮಾಡಿ ಹೋಗಿ ಹಿಡಿಮಣ್ಣು ಹಾಕಿದಳು. ಆಮೇಲೆ ಮಲ್ಲಿ. ಆಮೇಲೆ ನಾನು.

ಬೀದರಿಗೆ ಬಂದು ಇಳಿದಾಗ ಸಂಜೆಯಾಗಿತ್ತು. ಓಣಿಯಲ್ಲಿ ಟ್ಯಾಂಕರು ಬಂದುಹೋದ ಗುರುತು, ಕಲ್ಲಿನ ಸಂದಿಯಲ್ಲಿ ಅಷ್ಟು ಒದ್ದೆ. ಸೀಟಿ ಈಗ ಸುಜಾತಾಳ ಕೊರಳಲ್ಲಿತ್ತು. ಕಮಲಾಬಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಮ್ಮ ಮೂವರನ್ನೂ ನೋಡಿದರು. ಮೊರ ನಿಂತಿತು, ಮತ್ತೆ ಆಡಿತು.

"ಎಲ್ಲಾ ಸರಿಯಾಗಿ ಆತೇನ್ರಿ?"

"ಆತ್ರಿ," ಎಂದೆ.

ಅವರು ಒಂದು ಹರಳು ಆರಿಸಿ ಬೀದಿಗೆ ಎಸೆದರು. "ಇವತ್ತ ನೀರು ಅರ್ಧಾ ಓಣಿಗೆ ಸಾಲಲಿಲ್ಲ. ನಾಳಿ ಮತ್ತ ಟ್ಯಾಂಕರ್ ಬರ್ತದಂತ, ಲಗೂನ," ಎಂದರು, ಜೋಳದಿಂದ ಕಣ್ಣೆತ್ತದೆ. "ಆ ನೀಲಿ ಕೊಡದಾಕಿಗೆ ಹೇಳ್ರಿ, ಜಲ್ದಿ ಇಡಲಿ. ಇಲ್ಲಂದ್ರ ಹಿಂದ ಬೀಳ್ತಾಳ."